ಟೊಮೆಟೊಗೂ ಚಳಿಯಾಗುತ್ತದೆ

ಟೊಮೆಟೊ ಬೆಲೆ ನೆಲಕಚ್ಚಿ, ರೈತರು ಕ್ರೇಟುಗಟ್ಟಲೆ ಹಣ್ಣನ್ನು ರಸ್ತೆಗೆ ಸುರಿದಾಗಲೆಲ್ಲ ಕೇಳಿಬರುವ ಬೇಡಿಕೆ ಒಂದೇ: ಮಾರುಕಟ್ಟೆಯಲ್ಲಿ ಶೈತ್ಯಾಗಾರ ಕಟ್ಟಿಸಿ. ಮನವಿ ಕೊಡುವವರು ಅದನ್ನೇ ಬರೆಯುತ್ತಾರೆ, ವೇದಿಕೆ ಮೇಲಿಂದ ಭರವಸೆ ಕೊಡುವವರೂ ಅದನ್ನೇ ಹೇಳುತ್ತಾರೆ. ಆ ಕೋಣೆಯೊಳಗೆ ಎಷ್ಟು ಡಿಗ್ರಿ ಇರಬೇಕು ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ತಣ್ಣಗಿದ್ದಷ್ಟೂ ತಾಜಾ ಎಂಬುದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧ, ಬರುವ ವರ್ಷಗಳಲ್ಲಿ ತುಮಕೂರು ಸೀಮೆಯ ಬೆಳೆಗಾರರಿಗೆ ದುಬಾರಿಯಾಗಲಿದೆ.

ಶಿರಾ ರಸ್ತೆಯ ಅಂತರಸನಹಳ್ಳಿ ಮಾರುಕಟ್ಟೆಗೆ ಬರುವ ಸರಕನ್ನು ಒಮ್ಮೆ ಮನಸ್ಸಿನಲ್ಲೇ ಎರಡು ರಾಶಿ ಮಾಡಿ ನೋಡಿ. ಒಂದರಲ್ಲಿ ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಹೂಕೋಸು, ಬಟಾಣಿ, ಮೂಲಂಗಿ, ಪಾಲಕ್, ಕೊತ್ತಂಬರಿ. ಇವು ತಂಪು ಒಗ್ಗಿದ ಬೆಳೆಗಳು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೂ ಹಾಯಾಗಿರುತ್ತವೆ. ಇನ್ನೊಂದರಲ್ಲಿ ಟೊಮೆಟೊ, ಬದನೆ, ಸೌತೆ, ಬೆಂಡೆ, ಕುಂಬಳ, ದೊಣ್ಣೆ ಮೆಣಸಿನಕಾಯಿ, ಶುಂಠಿ, ಬಾಳೆ, ಮಾವು, ಹಲಸು, ಪರಂಗಿ. ಇವೆಲ್ಲ ಬೆಚ್ಚನೆ ನಾಡಿನವು. ಗುಬ್ಬಿ, ಕುಣಿಗಲ್ ಕಡೆಯ ತೋಟ ಹೊಲಗಳ ದುಡ್ಡು ಹೆಚ್ಚಾಗಿ ಈ ಎರಡನೇ ರಾಶಿಯಲ್ಲೇ ಇದೆ. ಫ್ರಿಡ್ಜಿನ ಚಳಿಯನ್ನು ತಡೆಯಲಾಗದ ರಾಶಿಯೂ ಇದೇ.

ಹೆಪ್ಪುಗಟ್ಟಿ ಹಾಳಾಗುವುದು ಬೇರೆ, ಚಳಿಗೆ ಹಾಳಾಗುವುದು ಬೇರೆ. ಟೊಮೆಟೊ ಸುಮಾರು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಬಾಳೆ ಇನ್ನೂ ತುಸು ಕೆಳಗೆ. ಆಗ ಜೀವಕೋಶಗಳಲ್ಲಿ ಮಂಜಿನ ಹರಳು ಮೂಡಿ ಗೋಡೆ ಹರಿಯುತ್ತದೆ. ಕರಗಿದ ಮೇಲೆ ಹಣ್ಣು ನೀರು ಸುರಿಸುತ್ತಾ ಕುಸಿಯುತ್ತದೆ. ಇದು ಕಣ್ಣಿಗೆ ಕಾಣುವ ಹಾನಿ, ಯಾರಿಗಾದರೂ ಅರ್ಥವಾಗುತ್ತದೆ. ಚಳಿಗಾಯ ಹಾಗಲ್ಲ. ಅದು 4 ಡಿಗ್ರಿಯಲ್ಲೂ ಆಗುತ್ತದೆ, 8ರಲ್ಲೂ ಆಗುತ್ತದೆ, ಬಾಳೆಗೆ 12ರಲ್ಲೂ ಆಗುತ್ತದೆ. ಮಂಜಿನ ಒಂದು ಹರಳೂ ಇಲ್ಲದೆ ಗಿಡದ ಭಾಗಗಳು ಚಳಿಗೆ ಸಾಯುತ್ತವೆ, ಇದನ್ನು ಹೆಪ್ಪುಗಟ್ಟುವಿಕೆಯಿಂದ ಬೇರೆಯಾಗಿಯೇ ನೋಡಬೇಕು ಎಂದು ಆಸ್ಟ್ರಿಯಾದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ 1897ರಲ್ಲೇ ಬರೆದಿದ್ದರು. ನೂರಿಪ್ಪತ್ತೈದು ವರ್ಷಗಳಿಗೂ ಹಳೆಯ ಈ ತಿಳಿವಳಿಕೆ ನಮ್ಮ ಮಂಡಿಗಳನ್ನು ಇನ್ನೂ ತಲುಪಿಲ್ಲ.

ಒಳಗೆ ಆಗುವುದೇನು? ಪ್ರತಿ ಜೀವಕೋಶವನ್ನೂ ಕೊಬ್ಬಿನ ಅಂಶದಿಂದಾದ ತೆಳು ಪೊರೆ ಸುತ್ತಿರುತ್ತದೆ. ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಡುವುದು ಅದರ ಕೆಲಸ. ಧನುರ್ಮಾಸದ ಬೆಳಗ್ಗೆ ಶೀಶೆಯಲ್ಲಿನ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ, ಬಿಸಿಲು ನಾಡಿನ ಹಣ್ಣುಗಳ ಈ ಪೊರೆ ಚಳಿಯಲ್ಲಿ ಬಿಗಿದುಕೊಳ್ಳುತ್ತದೆ. ಬಿಗಿದ ಪೊರೆ ಸೋರತೊಡಗುತ್ತದೆ. ಪೊಟ್ಯಾಶಿಯಂ ಮೊದಲಾದ ಲವಣಗಳು ಹೊರಬರುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ವಿಧಾನ ಬಹಳ ಸರಳ. ಹಣ್ಣಿನ ಚೂರುಗಳನ್ನು ಶುದ್ಧ ನೀರಿಗೆ ಹಾಕಿ, ಆ ನೀರು ಎಷ್ಟು ವಿದ್ಯುತ್ ಹರಿಯಗೊಡುತ್ತದೆ ಎಂದು ನೋಡುತ್ತಾರೆ. ಚಳಿ ತಿಂದ ಹಣ್ಣಿನ ನೀರಿನಲ್ಲಿ ಲವಣ ಹೆಚ್ಚು, ಆದ್ದರಿಂದ ವಿದ್ಯುತ್ತೂ ಹೆಚ್ಚು ಹರಿಯುತ್ತದೆ. ಬೇಗ ಬೆಚ್ಚಗಿನ ಜಾಗಕ್ಕೆ ತಂದರೆ ಪೊರೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ದಿನಗಳು ಕಳೆದರೆ ಆಗುವುದಿಲ್ಲ. ಇನ್ನೊಂದು ಸಂಗತಿ, ಈ ಚಳಿ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಲಾರಿಯಲ್ಲಿ ತಿಂದದ್ದು, ಗೋದಾಮಿನಲ್ಲಿ ತಿಂದದ್ದು, ಕೊನೆಗೆ ಗ್ರಾಹಕರ ಮನೆಯ ಫ್ರಿಡ್ಜಿನಲ್ಲಿ ತಿಂದದ್ದು ಎಲ್ಲ ಕೂಡಿ ಒಂದೇ ಮೊತ್ತ.

ಟೊಮೆಟೊ 10 ಡಿಗ್ರಿಗಿಂತ ಕೆಳಗೆ ಎರಡು ವಾರ ಇದ್ದರೆ ಗಾಯವಾಗುತ್ತದೆ. 5 ಡಿಗ್ರಿಯಾದರೆ ಆರೆಂಟು ದಿನ ಸಾಕು. ಬಲಿತ ಹಸಿರು ಕಾಯಿಗೆ ಹಿತವಾದದ್ದು 12.5ರಿಂದ 15 ಡಿಗ್ರಿ. ಬಾಳೆಗೆ 13ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಬದನೆ, ಸೌತೆಗೆ 10ರಿಂದ 12, ಶುಂಠಿಗೆ 12ರಿಂದ 13, ಬಲಿತ ಮಾವಿನಕಾಯಿಗೆ 13. ಬೀನ್ಸ್ ಸ್ವಲ್ಪ ಗಟ್ಟಿ, 5ರಿಂದ 7.5ರವರೆಗೆ ತಡೆಯುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಕಾಯಿ ಮೇಲೆ ತುಕ್ಕು ಬಣ್ಣದ ಕಲೆಗಳೇಳುತ್ತವೆ. ಇವು ದಶಕಗಳ ಕಾಲ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆಯಾಗಿ, ಕೊಯ್ಲೋತ್ತರ ವಿಜ್ಞಾನದ ಕೈಪಿಡಿಗಳಲ್ಲಿ ಸೇರಿಹೋಗಿರುವ ಅಂಕಿಗಳು. ಯಾರೂ ತಕರಾರು ತೆಗೆಯುವಂಥವಲ್ಲ.

ಚಳಿ ತಿಂದ ಬಾಳೆಹಣ್ಣನ್ನು ಕೈಗೆತ್ತಿಕೊಂಡು ನೋಡಿ. ಹಳದಿ ಇದೆ, ಆದರೆ ಬೂದಿ ಮೆತ್ತಿದಂಥ ಮಂಕು ಹಳದಿ. ಸಿಪ್ಪೆಯ ಮೇಲ್ಪದರವನ್ನು ಉಗುರಿನಿಂದ ಕೆರೆದರೆ ಕೆಳಗೆ ಕಂದು ಗೀರುಗಳು ಉದ್ದಕ್ಕೆ ಓಡಿರುತ್ತವೆ. ಬದನೆಯನ್ನು ಸೀಳಿದರೆ ಹೊರಗೆ ಹೊಳಪಿದ್ದರೂ ಬೀಜಗಳು, ಬೀಜದ ಸುತ್ತಲಿನ ತಿರುಳು ಕಂದು ತಿರುಗಿರುತ್ತದೆ. ಸೌತೆಯ ಮೈಮೇಲೆ ಸಣ್ಣ ಸಣ್ಣ ಗುಳಿ, ನೀರು ನೆನೆದಂಥ ಮಚ್ಚೆ. ಹಸಿರು ಟೊಮೆಟೊ ಬಣ್ಣಕ್ಕೆ ತಿರುಗುವುದೇ ಇಲ್ಲ, ತಿರುಗಿದರೂ ತೇಪೆ ಹಾಕಿದಂತೆ ಅಲ್ಲಲ್ಲಿ. ಆಮೇಲೆ ತೊಟ್ಟಿನ ಸುತ್ತ ಕಪ್ಪು ಬೂಷ್ಟು ಹಿಡಿಯುತ್ತದೆ.

ಇದರಲ್ಲಿ ಮೋಸ ಎಲ್ಲಿದೆಯೆಂದರೆ, ತಣ್ಣನೆ ಕೋಣೆಯೊಳಗೆ ಇರುವಷ್ಟು ದಿನ ಏನೂ ಕಾಣುವುದಿಲ್ಲ. ಬಾಗಿಲು ತೆರೆದಾಗ ಹಣ್ಣು ಆಗತಾನೆ ಕಿತ್ತಂತಿರುತ್ತದೆ. ಹೊರಗೆ ತಂದು ಎರಡು ಮೂರು ದಿನ ಬೆಚ್ಚಗೆ ಇಟ್ಟ ಮೇಲೆ ರೋಗ ಬಯಲಾಗುತ್ತದೆ. ಅಷ್ಟರಲ್ಲಿ ಸರಕು ಅಂತರಸನಹಳ್ಳಿ ಬಿಟ್ಟು, ಬೆಂಗಳೂರಿನ ಯಾವುದೋ ಅಂಗಡಿಯ ಬುಟ್ಟಿಯಲ್ಲಿ ಕೂತಿರುತ್ತದೆ. ಅಂಗಡಿಯವರು ದಲ್ಲಾಳಿಗೆ ಫೋನ್ ಮಾಡುತ್ತಾರೆ, ದಲ್ಲಾಳಿ ಮುಂದಿನ ಸಲ ಅದೇ ರೈತನ ಮಾಲಿಗೆ ಬೆಲೆ ಇಳಿಸುತ್ತಾನೆ. ರೈತ ತಳಿಯನ್ನು ಬೈಯುತ್ತಾನೆ, ಇಲ್ಲವೇ ಗೊಬ್ಬರವನ್ನು. ಕೋಣೆಯ ಥರ್ಮಾಮೀಟರನ್ನು ಯಾರೂ ಬೈಯುವುದಿಲ್ಲ. ಹಾನಿ ಒಂದು ಕಡೆ ಆಗಿ, ಕಾಣುವುದು ಇನ್ನೊಂದು ಕಡೆ ಆದಾಗ ಕೊನೆಗೆ ದಂಡ ತೆರುವವನು ಸರಪಳಿಯ ಕೆಳತುದಿಯಲ್ಲಿರುವವನೇ.

ನಂಬಿಕೆ ಬಾರದವರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಗಿಡದ, ಒಂದೇ ಗಾತ್ರದ ಒಂದಷ್ಟು ದೋರು ಟೊಮೆಟೊ ತಂದು ಅರ್ಧವನ್ನು ಫ್ರಿಡ್ಜಿನಲ್ಲಿ, ಇನ್ನರ್ಧವನ್ನು ಅಡುಗೆಮನೆಯ ನೆರಳಿನಲ್ಲಿ ಇಡಿ. ಹತ್ತು ದಿನ ಬಿಟ್ಟು ಫ್ರಿಡ್ಜಿನವನ್ನು ಹೊರಗೆ ತೆಗೆದು ಮೂರು ದಿನ ಹಾಗೇ ಬಿಡಿ. ಬಣ್ಣ ನೋಡಿ, ಆಮೇಲೆ ಕುಯ್ದು ತಿಂದು ನೋಡಿ.

ರುಚಿಯ ಮಾತು ಬಂದದ್ದರಿಂದ ಹೇಳಬೇಕು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಹೋದ್ಯೋಗಿಗಳೊಂದಿಗೆ ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ್ಣಾದ ಟೊಮೆಟೊವನ್ನು ಒಂದು ವಾರ 5 ಡಿಗ್ರಿಯಲ್ಲಿಟ್ಟು ನೋಡಿದರು. ಸಕ್ಕರೆ, ಹುಳಿ ಹೆಚ್ಚುಕಡಿಮೆ ಹಾಗೇ ಇದ್ದವು; ಪರಿಮಳ ಕೊಡುವ ಅಂಶಗಳು ಕುಸಿದಿದ್ದವು. ಆ ಅಂಶಗಳನ್ನು ತಯಾರಿಸುವ ಜೀನುಗಳ ಮೇಲೆ ಚಳಿಯಲ್ಲಿ ರಾಸಾಯನಿಕ ಗುರುತು ಬಿದ್ದು, ಅವು ಮೌನವಾಗುತ್ತವೆ ಎಂಬುದು ಅವರು ಕಂಡುಕೊಂಡದ್ದು. ಬೆಚ್ಚಗಿನ ಜಾಗಕ್ಕೆ ತಂದ ಮೇಲೂ ಪರಿಮಳ ಪೂರ್ತಿ ಮರಳಲಿಲ್ಲ. ಸಾರಿಗೆ ನಾಟಿ ಟೊಮೆಟೊವೇ ಬೇಕು, ಇದರಲ್ಲಿ ಸತ್ವವಿಲ್ಲ ಎಂದು ಗೊಣಗುವ ನಮ್ಮ ಹೆಂಗಸರ ದೂರಿಗೆ ತಳಿಯಷ್ಟೇ ಕಾರಣವಲ್ಲ, ತಂಗಳುಪೆಟ್ಟಿಗೆಯ ಪಾಲೂ ಇದೆ.

ನಿಜವಾದ ಕಡುಚಳಿಯ ನಾಡಿನವರು ಈ ವಿಷಯದಲ್ಲಿ ನಮಗಿಂತ ಜಾಣರು. ಕಾಶ್ಮೀರದಿಂದ ಲೇಹ್‌ಗೆ ಹೋಗುವ ದಾರಿ 3,500 ಮೀಟರಿಗೂ ಎತ್ತರದ ಜೋಜಿಲಾ ಕಣಿವೆಯನ್ನು ದಾಟಿ ದ್ರಾಸ್ ಮೂಲಕ ಸಾಗುತ್ತದೆ. ದ್ರಾಸ್‌ನಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ಅಲ್ಲಿ ತರಕಾರಿ ಸಾಗಿಸುವವರಿಗೆ ಇರುವ ಚಿಂತೆ ತಣ್ಣಗಿಡುವುದಲ್ಲ, ಬೆಚ್ಚಗಿಡುವುದು. ಲಡಾಖಿನ ಮನೆಗಳಲ್ಲಿ ಆಲೂಗೆಡ್ಡೆ, ಕ್ಯಾರೆಟ್, ಮೂಲಂಗಿ, ಕೋಸುಗಳನ್ನು ನೆಲದೊಳಗಿನ ಗುಂಡಿಯಲ್ಲಿ ಮಣ್ಣು ಮುಚ್ಚಿ ಕಾಪಾಡುತ್ತಾರೆ. ಮೇಲೆ ಎಲ್ಲ ಹೆಪ್ಪುಗಟ್ಟಿರುವಾಗ ಕೆಳಗಿನ ಮಣ್ಣು ಸೊನ್ನೆಗಿಂತ ಮೇಲೇ ಇರುತ್ತದೆ. 1962ರಿಂದ ಲೇಹ್‌ನಲ್ಲಿರುವ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಎತ್ತರದ ಪ್ರದೇಶದ ಕೃಷಿಯ ಜೊತೆಗೆ ಇಂಥ ನೆಲಮಾಳಿಗೆಗಳ ಸುಧಾರಣೆಯಲ್ಲೂ ತೊಡಗಿದೆ. ಕೆನಡಾದಂಥ ದೇಶಗಳಲ್ಲಿ ಶೈತ್ಯವಾಹನದ ಯಂತ್ರ ಚಳಿಗಾಲದಲ್ಲಿ ಹೀಟರ್ ಆಗಿ ಓಡುತ್ತದೆ. ಲೋಡ್ ಮಾಡುವ ಮುಂಚೆ ಖಾಲಿ ಡಬ್ಬಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತಾರೆ, ಪೆಟ್ಟಿಗೆಗಳು ಗೋಡೆಗೆ ತಾಗದಂತೆ ಸಂದು ಬಿಡುತ್ತಾರೆ, ನೆಲಕ್ಕೆ ಮರದ ಹಲಗೆ ಹಾಕುತ್ತಾರೆ. ಮೊದಲು ಹೆಪ್ಪುಗಟ್ಟುವುದು ಗೋಡೆಗೊರಗಿದ ಪೆಟ್ಟಿಗೆಯೇ. ಅಲ್ಲಿಗೆ ಹೋಗಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಿಗೂ ಈ ಪಾಠ ಬಂದಿದೆ: ಅಂಗಡಿಯಿಂದ ಕಾರಿನವರೆಗೆ ಬಾಳೆಹಣ್ಣನ್ನು ಹೊದಿಸಿಕೊಂಡೇ ಒಯ್ಯಬೇಕು, ಇಲ್ಲದಿದ್ದರೆ ಮರುದಿನ ಸಿಪ್ಪೆ ಕಪ್ಪು.

ನಮ್ಮ ಕಥೆ ತಿರುಗುಮುರುಗು. ತುಮಕೂರಿನಲ್ಲಿ ಹೊರಗೆ ಚಳಿಯೇ ಇಲ್ಲ. ಜನವರಿ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಟೊಮೆಟೊ, ಬಾಳೆಗೆ ಇದಕ್ಕಿಂತ ಹಿತವಾದ ಗೋದಾಮು ಬೇಕಿಲ್ಲ. ಇಂಥ ಊರಿನಲ್ಲಿ ನಾವು ಸಾಲ ಮಾಡಿ, ಕರೆಂಟು ಸುಟ್ಟು, ಒಂದು ದ್ರಾಸನ್ನು ಕೋಣೆಯೊಳಗೆ ಕಟ್ಟಿಕೊಳ್ಳಲು ಹೊರಟಿದ್ದೇವೆ.

ಹೊರಟಿರುವುದಂತೂ ಖಂಡಿತ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿ ತುಮಕೂರಿನ ವಸಂತನರಸಾಪುರದಲ್ಲಿ ಇಂಡಿಯಾ ಫುಡ್ ಪಾರ್ಕ್ ಉದ್ಘಾಟಿಸಿದ್ದರು. 2020ರಲ್ಲಿ ಕೇಂದ್ರ ಸರ್ಕಾರ 1 ಲಕ್ಷ ಕೋಟಿ ರೂಪಾಯಿಯ ಕೃಷಿ ಮೂಲಸೌಕರ್ಯ ನಿಧಿ ತಂದಿತು. 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3ರ ರಿಯಾಯಿತಿ. ರೈತ ಉತ್ಪಾದಕ ಕಂಪನಿಗಳಿಗೆಂದು ಐದು ಹತ್ತು ಟನ್ನಿನ ಸೌರಶಕ್ತಿ ಶೀತಲ ಕೋಣೆಗಳು ಮಾರಾಟಕ್ಕಿವೆ. ಇವುಗಳ ಉದ್ದೇಶದಲ್ಲಿ ದೋಷವಿಲ್ಲ. ದೋಷ ಇರುವುದು ಒಂದೇ ಕೋಣೆ, ಒಂದೇ ಬಾಗಿಲು, ಒಂದೇ ಅಂಕಿ ಎಂಬಲ್ಲಿ. ಹತ್ತು ಮಂದಿ ರೈತರು ಹತ್ತು ಬಗೆಯ ಮಾಲು ತಂದರೆ ಕ್ಯಾರೆಟ್ಟಿಗೆ ಹೊಂದಿಸಿದ ಚಳಿಯಲ್ಲಿ ಬದನೆ ಕೆಡುತ್ತದೆ, ಬದನೆಗೆ ಹೊಂದಿಸಿದರೆ ಕ್ಯಾರೆಟ್ ಬಾಡುತ್ತದೆ. ಇದಕ್ಕಿಂತ ಅಪಾಯದ್ದು, ಹುಣಸೆ, ಒಣಮೆಣಸಿನಕಾಯಿಯಂಥ ಒಣ ಸರಕಿಗೆಂದು ಹೊಂದಿಸಿದ ದೊಡ್ಡ ಶೈತ್ಯಾಗಾರದಲ್ಲಿ ಜಾಗ ಖಾಲಿಯಿದೆಯೆಂದು ಟೊಮೆಟೊ ಕ್ರೇಟು ತಂದು ಇಡುವುದು.

ದೇಶ ಎಲ್ಲಿ ಎಡವಿದೆ ಎಂಬುದನ್ನು ರಾಷ್ಟ್ರೀಯ ಶೀತಲ ಸರಪಳಿ ಅಭಿವೃದ್ಧಿ ಕೇಂದ್ರದ 2015ರ ಅಧ್ಯಯನ ಬಿಡಿಸಿ ಹೇಳಿತ್ತು. ಶೈತ್ಯಾಗಾರದ ಒಟ್ಟು ಸಾಮರ್ಥ್ಯದಲ್ಲಿ ಕೊರತೆ ಅಷ್ಟೇನಿಲ್ಲ: ಬೇಕಾದದ್ದು ಸುಮಾರು 351 ಲಕ್ಷ ಟನ್, ಇದ್ದದ್ದು 318 ಲಕ್ಷ ಟನ್. ಆದರೆ ಕೊಯ್ದ ಮಾಲನ್ನು ಆರಿಸಿ, ವಿಂಗಡಿಸಿ, ಹದವಾಗಿ ತಣಿಸಿ, ಪ್ಯಾಕ್ ಮಾಡುವ ಪ್ಯಾಕ್‌ಹೌಸ್‌ಗಳು ಬೇಕಾದದ್ದು 70 ಸಾವಿರ, ಇದ್ದದ್ದು 249. ಹಣ್ಣು ಮಾಗಿಸುವ ಕೋಣೆಗಳು ಬೇಕಾದದ್ದು 9 ಸಾವಿರಕ್ಕೂ ಹೆಚ್ಚು, ಇದ್ದದ್ದು 812. ಇದ್ದ ಶೈತ್ಯಾಗಾರಗಳಲ್ಲೂ ಬಹುಪಾಲು ಆಲೂಗೆಡ್ಡೆಯದೇ ಆಳ್ವಿಕೆ. ಚಳಿಯ ಪೆಟ್ಟಿಗೆ ಕಟ್ಟಲು ಹಣ ಹರಿದಿದೆ, ಅದರೊಳಗೆ ಏನನ್ನು ಹೇಗೆ ಇಡಬೇಕು ಎಂಬ ಕೆಲಸಕ್ಕೆ ಹರಿದಿಲ್ಲ ಎಂದೇ ನಾನು ಈ ಅಂಕಿಗಳನ್ನು ಓದುತ್ತೇನೆ.

ಟೊಮೆಟೊ ವಿಷಯದಲ್ಲಿ ಇನ್ನೊಂದು ಕಹಿ ಸತ್ಯವಿದೆ. ಬಲಿತ ಹಸಿರು ಕಾಯಿಯನ್ನು ಸರಿಯಾದ 12.5 ಡಿಗ್ರಿಯಲ್ಲಿಟ್ಟರೂ ಎರಡು ವಾರ ದಾಟಿದರೆ ಕೊಳೆ ಶುರುವಾಗುತ್ತದೆ. ಕೆಂಪಾದ ಗಟ್ಟಿ ಹಣ್ಣಿಗೆ ಉಳಿಗಾಲ ಎಂಟು ಹತ್ತು ದಿನ. ಬೆಲೆ ಕುಸಿತ ತಿಂಗಳುಗಟ್ಟಲೆ ಎಳೆದರೆ ಯಾವ ಶೈತ್ಯಾಗಾರವೂ ಆ ಹೊಳೆಯನ್ನು ದಾಟಿಸುವುದಿಲ್ಲ. ಒಂದು ತಿಂಗಳು ಕಾಯೋಣ ಎಂದು ಇನ್ನಷ್ಟು ತಣ್ಣಗೆ ಇಟ್ಟರೆ ಉಳಿದದ್ದೂ ಹೋಗುತ್ತದೆ. ಸುರಿದ ಟೊಮೆಟೊಗೆ ಉತ್ತರ ಸಾಸ್, ಪ್ಯೂರಿ ಮಾಡುವ ಕಾರ್ಖಾನೆ, ನಾಟಿಯ ಕಾಲವನ್ನು ಹಂಚಿಕೊಳ್ಳುವ ಯೋಜನೆ, ಶೈತ್ಯಾಗಾರವಲ್ಲ. ಈ ಮಾತನ್ನು ಯಾವ ರಾಜಕಾರಣಿಯೂ ವೇದಿಕೆಯಲ್ಲಿ ಹೇಳಲಾರ, ಅಡಿಗಲ್ಲು ಹಾಕಲು ಅದರಲ್ಲಿ ಜಾಗವಿಲ್ಲ.

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿಯದೇ ಒಂದು ಮರವನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಗುರುತಿಸಿ, ಅದು 'ಸಿದ್ದು ಹಲಸು' ಎಂಬ ತಳಿಯಾಗಿ ಹೆಸರು ಮಾಡಿದೆ. ಕೆಂದೊಳೆಯ ಸಣ್ಣ ಹಣ್ಣು, ದೂರದ ಪೇಟೆಗೆ ಹೇಳಿಮಾಡಿಸಿದ ಗಾತ್ರ. ಆದ್ದರಿಂದಲೇ ಭಯ. ಹಲಸು 12 ಡಿಗ್ರಿಗಿಂತ ಕೆಳಗೆ ಚಳಿ ತಿನ್ನುತ್ತದೆ: ಸಿಪ್ಪೆ ಕಪ್ಪಾಗುತ್ತದೆ, ತೊಳೆ ಕಂದಾಗುತ್ತದೆ, ಘಮ ಹೋಗುತ್ತದೆ. ಹಲಸಿನಲ್ಲಿ ಘಮ ಹೋದ ಮೇಲೆ ಉಳಿಯುವುದೇನು? ಇನ್ನು ಮಾಗಿದ ಹಲಸು, ಬಾಳೆ, ಮಾವುಗಳು ಎಥಿಲೀನ್ ಅನಿಲ ಬಿಡುತ್ತವೆ. ಅದೇ ಕೋಣೆಯಲ್ಲಿ ಸೌತೆ, ಸೊಪ್ಪು ಇದ್ದರೆ ಹಳದಿಗೆ ತಿರುಗುತ್ತವೆ, ಕ್ಯಾರೆಟ್ ಕಹಿಯಾಗುತ್ತದೆ. ಮಾಗಿದ ಹಣ್ಣಿಗೆ ಬೇರೆ ಕೋಣೆ ಇಲ್ಲದಿದ್ದರೆ ಒಳಗಿಡದಿರುವುದೇ ಲೇಸು.

ಚಳಿ ಇದ್ದರೆ ಕ್ರಿಮಿಯ ಭಯವಿಲ್ಲ ಎಂದುಕೊಳ್ಳುವುದೂ ತಪ್ಪು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಡ್ಜಿನ ಚಳಿಯಲ್ಲೂ ಬೆಳೆಯುತ್ತದೆ. 2011ರಲ್ಲಿ ಅಮೆರಿಕದಲ್ಲಿ ಒಂದೇ ತೋಟದ ಕರ್ಬೂಜ ತಿಂದು 33 ಮಂದಿ ಸತ್ತರು. ಹೊಲದ ಬಿಸಿ ಆರಿಸದೆ ಹಣ್ಣನ್ನು ನೇರವಾಗಿ ತಣ್ಣನೆ ಕೋಣೆಗೆ ಸೇರಿಸಿದ್ದರಿಂದ ಮೇಲೆ ಹನಿ ಕಟ್ಟಿ ಕ್ರಿಮಿಗೆ ಅನುಕೂಲವಾಗಿರಬಹುದು ಎಂಬುದು ತನಿಖೆಯಲ್ಲಿ ಎದ್ದ ಅಂಶಗಳಲ್ಲೊಂದು. ನಮ್ಮಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಶೀತಲ ಕೋಣೆಯೊಳಗೆ ಇದೇ ಬೆವರು. ಹಾಗೆ ಒದ್ದೆಯಾದ, ಚಳಿಗೆ ಸಣ್ಣಗೆ ಸೀಳಿದ ಸಿಪ್ಪೆಯ ಮೇಲೆ ಬೂಷ್ಟು ಬೆಳೆಯಲು ಹೆಚ್ಚು ಹೊತ್ತು ಬೇಡ.

ಹಾಗಾದರೆ ಶೈತ್ಯಾಗಾರವೇ ಬೇಡವೇ? ಬೇಕು. ಹತ್ತು ಡಿಗ್ರಿ ಶಾಖ ಏರಿದರೆ ಕೊಯ್ದ ತರಕಾರಿಯ ಉಸಿರಾಟ ಎರಡು ಮೂರು ಪಟ್ಟು ಏರುತ್ತದೆ, ಅದರ ಆಯುಸ್ಸು ಅಷ್ಟೇ ಕುಗ್ಗುತ್ತದೆ. ಏಪ್ರಿಲ್‌ನ 36 ಡಿಗ್ರಿ ಬಿಸಿಲಿನಲ್ಲಿ ಕೊತ್ತಂಬರಿ ಕಟ್ಟು ಮಧ್ಯಾಹ್ನದೊಳಗೆ ಜೋತುಬೀಳುವುದನ್ನು ಯಾರು ನೋಡಿಲ್ಲ? ಕಟ್ಟುವುದಾದರೆ ಒಂದು ದೊಡ್ಡ ಕೋಣೆಯ ಬದಲು ಮೂರು ಸಣ್ಣವು ಕಟ್ಟಲಿ: ಬೇರು, ಕೋಸು, ಸೊಪ್ಪಿಗೆ ಸೊನ್ನೆಯಿಂದ 2; ಬೀನ್ಸ್, ಬೆಂಡೆ, ದೊಣ್ಣೆ ಮೆಣಸಿನಕಾಯಿಗೆ 7ರ ಆಸುಪಾಸು; ಟೊಮೆಟೊ, ಶುಂಠಿ, ಸೌತೆ, ಬದನೆ, ಇನ್ನೂ ಮಾಗದ ಬಾಳೆ, ಮಾವು, ಹಲಸಿಗೆ 13. ಮೂರನೇ ಕೋಣೆಗೆ ಕರೆಂಟು ಕಡಿಮೆ ಸಾಕು, ನಮ್ಮ ಮಾಲಿಗೆ ಬೇಕಾದದ್ದೂ ಹೆಚ್ಚಾಗಿ ಅದೇ. ಕರೆಂಟೇ ಬೇಡದ ದಾರಿಯೂ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಶೂನ್ಯ ಶಕ್ತಿ ತಂಪುಕೋಣೆಗೆ ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಒದ್ದೆ ಮರಳು, ಮೇಲೊಂದು ನೆರಳಿನ ಚಪ್ಪರ ಸಾಕು. ಒಣ ಬೇಸಿಗೆಯಲ್ಲಿ ಅದು ಹೊರಗಿನ ಶಾಖಕ್ಕಿಂತ ಹತ್ತು ಡಿಗ್ರಿಯಷ್ಟು ಇಳಿಸುತ್ತದೆ, ತೇವ ಕಾಯುತ್ತದೆ, ಎಂದೂ ಅತಿಯಾಗಿ ತಣಿಯುವುದಿಲ್ಲ. ಶಿರಾ ಬಯಲಿನ ಒಣಗಾಳಿಗೆ ಹೇಳಿಮಾಡಿಸಿದ್ದು. ಇದಕ್ಕೆ ಉದ್ಘಾಟನೆ ಸಮಾರಂಭ ಮಾಡುವವರಿಲ್ಲ ಎಂಬುದೊಂದೇ ಕೊರತೆ.

ಕೃಷಿ ಮಾರುಕಟ್ಟೆ ಸಮಿತಿಗೆ, ಸಾಲ ಮಂಜೂರು ಮಾಡುವ ಬ್ಯಾಂಕುಗಳಿಗೆ ಕೇಳಿಕೊಳ್ಳುವುದು ಇಷ್ಟು. ಯಾವ ಬೆಳೆಗೆ, ಎಷ್ಟು ಡಿಗ್ರಿ, ಎಷ್ಟು ದಿನ ಎಂದು ಬರೆದಿರದ ಶೈತ್ಯಾಗಾರದ ಅರ್ಜಿಗೆ ಸಹಿ ಹಾಕಬೇಡಿ. ಒಳಗೆ ಗಂಟೆಗಂಟೆಯ ಉಷ್ಣಾಂಶ ದಾಖಲಿಸುವ ಪುಟ್ಟ ಯಂತ್ರವನ್ನು ಕಡ್ಡಾಯ ಮಾಡಿ, ಆ ದಾಖಲೆ ನೋಡುವ ಹಕ್ಕು ಮಾಲು ಇಟ್ಟ ರೈತನಿಗೂ ಇರಲಿ. ರೈತರಿಗೂ ಒಂದು ಮಾತು: ಬಾಡಿಗೆ ಎಷ್ಟು ಎಂದು ಕೇಳುವ ಮುನ್ನ ಬಾಗಿಲ ಮೇಲಿನ ಅಂಕಿ ಓದಿ. ಅದು 10ಕ್ಕಿಂತ ಕೆಳಗಿದ್ದರೆ ಟೊಮೆಟೊವನ್ನು, 12ಕ್ಕಿಂತ ಕೆಳಗಿದ್ದರೆ ಹಲಸನ್ನು, 13ಕ್ಕಿಂತ ಕೆಳಗಿದ್ದರೆ ಬಾಳೆಯನ್ನು ಗಾಡಿಯಿಂದ ಇಳಿಸಬೇಡಿ. ಸಿಕ್ಕ ಬೆಲೆಗೆ ಅವತ್ತೇ ಮಾರಿ.